ತಪ್ಪಿಸಿಕೊಂಡರೆ ಅಲ್ಲೇ ನಿಂತಿರು

ತುಮಕೂರಿನ ಹಾಸ್ಟೆಲಿನಲ್ಲಿ ಒಂದೇ ರೂಮಿನಲ್ಲಿದ್ದ ನಾವು ನಾಲ್ವರು ಇವತ್ತಿಗೂ ಒಬ್ಬರನ್ನೊಬ್ಬರು ಊರ ಹೆಸರಿನಿಂದಲೇ ಕರೆಯುವುದು. ನಾನು ಮಧುಗಿರಿ. ಉಳಿದವರು ಶಿರಾ, ಕೊರಟಗೆರೆ, ಪಾವಗಡ. ಮಧುಗಿರಿಯ ಏಕಶಿಲಾ ಬೆಟ್ಟ, ಕೊರಟಗೆರೆಯ ಸಿದ್ಧರಬೆಟ್ಟ ಎಲ್ಲ ಹತ್ತಿಳಿದವರಿಗೆ ಬ್ಯಾಂಕಾಕ್ ಯಾವ ಲೆಕ್ಕ ಎಂದು ಬೆನ್ನಿಗೊಂದೊಂದು ಚೀಲ ಹಾಕಿಕೊಂಡು ಹೊರಟೇಬಿಟ್ಟೆವು.

ಅಲ್ಲಿನ ವಿಮಾನ ನಿಲ್ದಾಣದ ಹೆಸರು ಸುವರ್ಣಭೂಮಿ. ‘ನೋಡ್ರೋ, ನಮ್ಮ ಕಡೇ ಹೆಸರೇ’ ಎಂದು ಶಿರಾ ಹಿಗ್ಗಿದ. ಅಲ್ಲಿಯವರು ಅದನ್ನು ‘ಸುವನ್ನಪೂಮ್’ ಎನ್ನುತ್ತಾರೆಂದು ತಿಳಿದದ್ದು, ವಾಪಸು ಬರುವ ದಿನ ಟ್ಯಾಕ್ಸಿಯವನಿಗೆ ಹತ್ತು ಸಲ ‘ಸುವರ್ಣಭೂಮಿ’ ಎಂದು ಕೂಗಿದ ಮೇಲೆ!

ಮೊದಲ ದಿನವೇ ಅರಮನೆಯ ಬಾಗಿಲಲ್ಲಿ ಪಾವಗಡನನ್ನು ತಡೆದರು. ಒಳಗೆ ಪಚ್ಚೆ ಬುದ್ಧನ ಗುಡಿಯಿದೆ. ಚಡ್ಡಿ ಹಾಕಿಕೊಂಡು ಹೋಗುವಂತಿಲ್ಲ. ಆನೆ ಚಿತ್ರಗಳಿರುವ ದೊಗಲೆ ಪ್ಯಾಂಟೊಂದನ್ನು ಕೊಂಡು ತೊಟ್ಟ. ಆಮೇಲೆ ಅದನ್ನು ಬಿಚ್ಚಲೇ ಇಲ್ಲ.

ಎರಡನೆಯ ದಿನ ಚಾವೊ ಪ್ರಯಾ ನದಿಯಲ್ಲಿ ದೋಣಿ ಹತ್ತಿದೆವು. ಅಲ್ಲಿ ದೋಣಿಯೇ ಸಿಟಿ ಬಸ್ಸು. ಕಟ್ಟೆಗೆ ತಾಗುತ್ತಿದ್ದಂತೆ ಹಿಂದೆ ನಿಂತವನು ಸೀಟಿ ಊದುತ್ತಾನೆ. ಇಳಿಯುವವರು ಇಳಿದು, ಹತ್ತುವವರು ಹತ್ತುವಷ್ಟರಲ್ಲಿ ಹೊರಟೇಹೋಗುತ್ತದೆ. 46 ಮೀಟರ್ ಉದ್ದದ ಮಲಗಿದ ಬುದ್ಧನಿರುವ ವಾಟ್ ಪೋ ನೋಡಲು ಥಾ ತಿಯನ್ ಕಟ್ಟೆಯಲ್ಲಿ ನಾವು ಮೂವರು ಇಳಿದೆವು. ಪಾವಗಡನ ಚೀಲದ ಪಟ್ಟಿ ಸೀಟಿಗೆ ಸಿಕ್ಕಿಕೊಂಡಿತ್ತು. ಬಿಡಿಸಿಕೊಂಡು ಬರುವಷ್ಟರಲ್ಲಿ ದೋಣಿ ನಡುನೀರಿನಲ್ಲಿತ್ತು. ಅವನ ಫೋನು ಚಾರ್ಜಿಗೆಂದು ಕೊರಟಗೆರೆಯ ಚೀಲದಲ್ಲಿತ್ತು.

‘ಎಲ್ಲೂ ಹೋಗೋದು ಬೇಡ ಕಣ್ರೋ, ಇಲ್ಲೇ ಕೂರೋಣ’ ಎಂದ ಕೊರಟಗೆರೆ. ಯಾರು ಕೇಳುತ್ತಾರೆ? ನಾನೂ ಶಿರಾನೂ ಮುಂದಿನ ದೋಣಿಗೆ ಹಾರಿದೆವು. ಮುಂದಿನ ಕಟ್ಟೆ ಥಾ ಚಾಂಗ್. ಚಾಂಗ್ ಎಂದರೆ ಆನೆ. ಆದರೆ ನಮ್ಮ ಆನೆ ಪ್ಯಾಂಟಿನವನು ಅಲ್ಲಿರಲಿಲ್ಲ. ಅದರ ಮುಂದಿನ ಕಟ್ಟೆಯಲ್ಲೂ ಇಲ್ಲ. ಅಷ್ಟರಲ್ಲಿ ನನ್ನ ಫೋನು ಸತ್ತಿತು. ಶಿರಾನ ಫೋನಿಗೆ ನೆಟ್ ಬರುತ್ತಿದ್ದದ್ದು ನನ್ನ ಫೋನಿನಿಂದಲೇ. ಲಾಡ್ಜಿನ ಹೆಸರು ಇಬ್ಬರಿಗೂ ನೆನಪಿಲ್ಲ. ಬೋರ್ಡುಗಳೆಲ್ಲ ಥಾಯ್ ಲಿಪಿಯಲ್ಲಿ. ಅದರ ಮೂಲ ದಕ್ಷಿಣ ಭಾರತದ ಪಲ್ಲವ ಲಿಪಿಯಂತೆ. ನೆಂಟಸ್ತನ ಇದ್ದೇನು ಬಂತು, ಒಂದಕ್ಷರ ಓದಲಾಗಲಿಲ್ಲ. ಕತ್ತಲಾಗುತ್ತಿತ್ತು. ‘ಪಾವಗಡನ ಅಮ್ಮ ಕೇಳಿದ್ರೆ ಏನೋ ಹೇಳೋದು?’ ಎಂದ ಶಿರಾನ ದನಿ ನಡುಗಿತು. ನನ್ನ ಎದೆಯೂ ಹೊಡೆದುಕೊಳ್ಳುತ್ತಿತ್ತು.

ಆಗ ದಂಡಿನ ಮಾರಮ್ಮನ ಜಾತ್ರೆ ನೆನಪಾಯಿತು. ಚಿಕ್ಕವನಿದ್ದಾಗ ಅಮ್ಮ ನನ್ನ ಕೈ ಹಿಡಿದು ಪ್ರತಿ ವರ್ಷ ಹೇಳುತ್ತಿದ್ದಳು: ‘ತಪ್ಪಿಸಿಕೊಂಡರೆ ಹುಡುಕಿಕೊಂಡು ಅಲೆಯಬೇಡ. ಕೈ ಬಿಟ್ಟ ಜಾಗದಲ್ಲೇ ನಿಂತಿರು. ನಾನೇ ಬರ್ತೀನಿ.’

‘ವಾಪಸು ಹೋಗೋಣ ನಡಿ’ ಎಂದೆ. ಹೋಗುವುದು ಹೇಗೆ? ನಮ್ಮ ಉಚ್ಚಾರದ ‘ಥಾ ತಿಯನ್’ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಶಿರಾ ಶಾಲೆ ಹುಡುಗನೊಬ್ಬನ ಮುಂದೆ, ಕಟ್ಟೆಯ ಹಲಗೆಯ ಮೇಲೇ ತಲೆಗೆ ಕೈಯಾನಿಸಿ ಮಲಗಿ ಬುದ್ಧನಂತೆ ಮುಗುಳ್ನಕ್ಕ. ಸುತ್ತಲಿದ್ದವರೆಲ್ಲ ಗೊಳ್ಳೆಂದರು. ಹುಡುಗ ನಗುತ್ತಲೇ ನಮ್ಮನ್ನು ಸರಿಯಾದ ದೋಣಿ ಹತ್ತಿಸಿದ.

ಕಟ್ಟೆಯ ಮೇಲೆ ಕೊರಟಗೆರೆ, ಪಾವಗಡ ಇಬ್ಬರೂ ಅಕ್ಕಪಕ್ಕ ಕೂತು ಮಾವಿನಹಣ್ಣು, ಅಂಟನ್ನ ತಿನ್ನುತ್ತಿದ್ದರು. ಪಾವಗಡ ಥಾ ಚಾಂಗಿನಲ್ಲಿ ಇಳಿದು, ಎದುರು ಬಂದ ದೋಣಿ ಹತ್ತಿ ಆಗಲೇ ಮರಳಿದ್ದ. ನಮ್ಮನ್ನು ಕಂಡವನೇ ಕೊರಟಗೆರೆಗೆ ಹೇಳಿದ: ‘ಕಳೆದುಹೋಗಿದ್ದೋರು ಬಂದ್ರು ನೋಡು.’

ಅವನನ್ನು ಬೈಯಲು ಬಾಯಿ ತೆರೆದವನು ಸುಮ್ಮನೆ ತಬ್ಬಿಕೊಂಡೆ. ಮಲಗಿದ ಬುದ್ಧನನ್ನು ಮರುದಿನ ನೋಡಿದೆವು.

ಈಗ ನಾವು ಎಲ್ಲಿಗೆ ಹೋದರೂ ಲಾಡ್ಜಿನ ಚೀಟಿ ನಾಲ್ಕೂ ಜೇಬಿನಲ್ಲಿರುತ್ತದೆ, ಅದೂ ಆ ಊರಿನ ಲಿಪಿಯಲ್ಲಿ. ಅವರವರ ಫೋನು ಅವರವರ ಹತ್ತಿರ. ಹೊರಡುವ ಮುಂಚೆ ಕೊರಟಗೆರೆ ಒಮ್ಮೆ ಕೇಳುತ್ತಾನೆ: ‘ತಪ್ಪಿಸಿಕೊಂಡರೆ?’ ಮೂವರೂ ಶಾಲೆ ಮಕ್ಕಳಂತೆ ಒಟ್ಟಿಗೆ ಹೇಳುತ್ತೇವೆ: ‘ಅಲ್ಲೇ ನಿಂತಿರೋದು!’