ಮೊದಲು ಮನೆಯ ಲೆಕ್ಕ ಕೇಳಿ



ಇಂಟರ್ ಫಲಿತಾಂಶ ಬಂದ ವಾರ ನಮ್ಮ ಕನ್ನಡದ ಮನೆಗಳಲ್ಲಿ ಒಂದು ಬಗೆಯ ಮೌನ ಹರಡುತ್ತದೆ. ಮಗುವಿಗೆ ನೋವಾದೀತೆಂದು ಅಪ್ಪ ಹಣದ ಮಾತೆತ್ತುವುದಿಲ್ಲ. ಅಪ್ಪನಿಗೆ ಸಂಕೋಚವಾದೀತೆಂದು ನೀವು ಕೇಳುವುದಿಲ್ಲ. ಅಷ್ಟರಲ್ಲಿ ಯಾವುದೋ ಕಾಲೇಜಿನಿಂದ ಫೋನು: "ನಾಳೆಯೇ ಅಡ್ವಾನ್ಸ್ ಕಟ್ಟಿ, ಸೀಟು ಉಳಿಯೋದಿಲ್ಲ." ಅಮ್ಮನ ಬಳೆ ಅಡವಿಗೆ ಹೋಗುವುದು ಇಂಥ ಗಡಿಬಿಡಿಯಲ್ಲೇ. ಪ್ರಾಸ್ಪೆಕ್ಟಸ್ ತೆರೆಯುವ ಮುಂಚೆ ಅಪ್ಪ ಅಮ್ಮನ ಜತೆ ಕೂತು ಕೇಳಿ: ಮನೆಯಲ್ಲಿ ಎಷ್ಟಿದೆ, ಸಾಲ ಎಷ್ಟಿದೆ, ತಂಗಿಯ ಓದಿಗೆ ಎಷ್ಟು ತೆಗೆದಿಡಬೇಕು? ಹದಿನೇಳು ವರ್ಷಕ್ಕೆ ಇದು ಅಧಿಕಪ್ರಸಂಗವಲ್ಲ.

ಆಮೇಲೆ ಪೂರ್ತಿ ಓದಿನ ಲೆಕ್ಕ ಬರೆಯಿರಿ. ಇಂಜಿನಿಯರಿಂಗ್ ಶುಲ್ಕ ವರ್ಷಕ್ಕೆ 1,20,000 ಎಂದಿಟ್ಟುಕೊಳ್ಳಿ. ಕಾಲೇಜು ಊರಾಚೆ ಇದ್ದರೆ ಬಸ್ಸಿಗೆ 35,000. ನಾಲ್ಕು ವರ್ಷಕ್ಕೆ 6,20,000 ಆಯಿತು. ಪುಸ್ತಕ, ಪರೀಕ್ಷಾ ಶುಲ್ಕ, ಲ್ಯಾಪ್‌ಟಾಪ್ ಇನ್ನೂ ಬಂದಿಲ್ಲ. ಬ್ಯಾಂಕ್ ಸಾಲ ಇದೆಯಲ್ಲ ಎನ್ನುತ್ತೀರಿ. ಇದೆ, ಕಂತು ಓದು ಮುಗಿದ ಮೇಲೇ ಶುರು. ಆದರೆ ಬಡ್ಡಿ ನೀವು ಮೊದಲ ವರ್ಷದ ತರಗತಿಯಲ್ಲಿ ಕೂತಿರುವಾಗಲೇ ಬೆಳೆಯತೊಡಗುತ್ತದೆ.

ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳ 70 ಪ್ರತಿಶತ ಸೀಟು ಕನ್ವೀನರ್ ಕೋಟಾದಲ್ಲಿ ಎಪ್ಸೆಟ್ ರ‍್ಯಾಂಕಿನ ಮೇಲೆ ಹಂಚಿಕೆಯಾಗುತ್ತವೆ. ಅಡ್ವಾನ್ಸಿನ ಫೋನು ಬರುವುದು ಉಳಿದ 30ಕ್ಕೆ. ಕೌನ್ಸೆಲಿಂಗ್ ಮುಗಿಯುವ ತನಕ ಕಾಯಿರಿ. ಡೊನೇಷನ್ ಕೇಳುವುದು 1983ರ ಕಾಯಿದೆಯಿಂದಲೇ ನಿಷಿದ್ಧ. ಕೇಳುವವರು ಆ ಹೆಸರು ಬಳಸುವುದಿಲ್ಲ, ಅಷ್ಟೆ.

ಇಂಜಿನಿಯರಿಂಗ್ ಬಿಟ್ಟರೆ ಓದೇ ಇಲ್ಲವೆಂಬಂತೆ ನಮ್ಮವರು ಮಾತಾಡುವುದು ನನಗೆ ಹಿಡಿಸುವುದಿಲ್ಲ. 1956ರವರೆಗೆ ಹೈದರಾಬಾದೇ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳ ರಾಜಧಾನಿ. ಅಲ್ಲಿನ ಹುಡುಗರು ಟ್ರಂಕು ಹಿಡಿದು ಓದಲು ಬರುತ್ತಿದ್ದುದು 1918ರಲ್ಲಿ ಶುರುವಾದ ಉಸ್ಮಾನಿಯಾಕ್ಕೆ. ಪಾಠವೆಲ್ಲ ಉರ್ದುವಿನಲ್ಲಿ, ಅದನ್ನೂ ಕಲಿತು ಪಾಸಾದರು. ನಿಮಗೋ ಅದು ಸಿಟಿ ಬಸ್ಸಿನ ದೂರ. ಬಷೀರ್‌ಬಾಗಿನ ನಿಜಾಂ ಕಾಲೇಜು 1887ರದು. ಕೋಠಿಯ ಮಹಿಳಾ ಕಾಲೇಜು 1924ರದು. ಹಳೆಯ ಬ್ರಿಟಿಷ್ ರೆಸಿಡೆನ್ಸಿಯ ಆವರಣದಲ್ಲಿರುವ ಅದು 2022ರಲ್ಲಿ ಮಹಿಳಾ ವಿಶ್ವವಿದ್ಯಾಲಯವಾಯಿತು. ಬೇಗಂಪೇಟೆಯಲ್ಲಿ ಸರಕಾರಿ ಮಹಿಳಾ ಡಿಗ್ರಿ ಕಾಲೇಜಿದೆ. ಇವಕ್ಕೆಲ್ಲ 2016ರಿಂದ 'ದೋಸ್ತ್' ಎಂಬ ಒಂದೇ ಆನ್‌ಲೈನ್ ಅರ್ಜಿ. (ಹೆಸರಿಟ್ಟವರಿಗೆ ಹುಡುಗರ ಭಾಷೆ ಗೊತ್ತಿತ್ತು!) ಒಂದು ಎಚ್ಚರಿಕೆ: ಸರಕಾರಿ ಕಾಲೇಜಿನಲ್ಲೂ ಸೆಲ್ಫ್ ಫೈನಾನ್ಸ್ ಕೋರ್ಸುಗಳ ಶುಲ್ಕ ಹೆಚ್ಚು. ಆಯ್ಕೆ ತುಂಬುವಾಗ ಕೋರ್ಸಿನ ಮುಂದಿರುವ ಮೊತ್ತ ಓದಿ. ಹುಡುಗಿಯರಿಗೆ ಡಿಸೆಂಬರ್ 2023ರಿಂದ ಸಿಟಿ ಬಸ್ಸು ಉಚಿತ. ಬಸ್ಸಿನ ಸಾಲನ್ನು ಲೆಕ್ಕದಿಂದ ಹೊಡೆದು ಹಾಕಬಹುದು. ಹುಡುಗರಿಗೆ ಸ್ಟೂಡೆಂಟ್ ಪಾಸು.

ಮನೆಯಲ್ಲಿ ದುಡಿಯುವವರು ಕಡಿಮೆ, ನೀವೂ ಕೆಲಸಕ್ಕೆ ಹೋಗಲೇಬೇಕು ಎನ್ನುವಂತಿದ್ದರೆ ಜುಬಿಲಿ ಹಿಲ್ಸಿನ ಅಂಬೇಡ್ಕರ್ ಮುಕ್ತ ವಿಶ್ವವಿದ್ಯಾಲಯವಿದೆ. 1982ರಲ್ಲಿ ಶುರುವಾದ ಇದು ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ.

ಶುಲ್ಕ ಮರುಪಾವತಿ ಯೋಜನೆಯನ್ನೇ ನಂಬಿ ದುಬಾರಿ ಕಾಲೇಜು ಸೇರುವವರು ಸ್ವಲ್ಪ ಯೋಚಿಸಿ. ಹಣ ತಡವಾದರೆ ಕಾಲೇಜಿನವರು ಕೇಳುವುದು ನಿಮ್ಮನ್ನೇ. ಬಾಕಿ ಬೆಳೆದು 2025ರ ನವೆಂಬರಿನಲ್ಲಿ ಖಾಸಗಿ ಕಾಲೇಜುಗಳು ಬಂದ್ ನಡೆಸಿದ್ದು ನೆನಪಿರಲಿ. ಅರ್ಜಿಯನ್ನಂತೂ ಹಾಕಿ. ನಮ್ಮ ಮಕ್ಕಳಿಗೆ ಇಲ್ಲೊಂದು ತೊಡಕಿದೆ: ಅಜ್ಜನ ಊರಿನ ತಹಸೀಲ್ದಾರರು ಕೊಟ್ಟ ಜಾತಿ ಪತ್ರ ಇಲ್ಲಿ ನಡೆಯದು. ಜಾತಿಗಳ ಪಟ್ಟಿ ರಾಜ್ಯಕ್ಕೊಂದು. ಅಲ್ಲಿ ಇದ್ದ ಹೆಸರು ಇಲ್ಲಿ ಇರಲಿಕ್ಕಿಲ್ಲ. ಅದನ್ನು ಈಗಲೇ ವಿಚಾರಿಸಿ. ಆದಾಯ ಪತ್ರಕ್ಕೆ ಮೀಸೇವಾ ಕೇಂದ್ರಕ್ಕೆ ಏಪ್ರಿಲಿನಲ್ಲೇ ಹೋಗಿ ಬನ್ನಿ. ಜೂನಿನಲ್ಲಿ ಅಲ್ಲಿ ನಿಲ್ಲಲೂ ಜಾಗವಿರುವುದಿಲ್ಲ.