ನಿಮಗೆ ಏನಾಗಬೇಕು?

ಪಂಪಭಾರತದ ಕರ್ಣಪ್ರಸಂಗವನ್ನು ಪಾಠ ಹೇಳುವಾಗ ಪ್ರತಿವರ್ಷವೂ ತರಗತಿಯಲ್ಲಿ ಒಂದು ಪ್ರಶ್ನೆ ಏಳುತ್ತದೆ: ಪಾಂಡವರು ಒಡಹುಟ್ಟಿದವರೆಂದು ತಿಳಿದ ಮೇಲೂ ಕರ್ಣನು ದುರ್ಯೋಧನನ ಬಳಿಯೇ ಉಳಿದದ್ದು ಸರಿಯೆ? ಸರಿಯೆಂಬುದೇ ನನ್ನ ಪಕ್ಷ. (ಭಾನುಮತಿಯ ನೆತ್ತದ ಪದ್ಯವನ್ನು ಕುರಿತ ಹಳೆಯ ವಾದ ಇಲ್ಲಿ ಬೇಡ.) ಹೆತ್ತ ತಾಯಿಯೇ ಬಂದು ಬೇಡಿದರೂ ಅವನು ಗೆಳೆಯನನ್ನು ಬಿಡಲಿಲ್ಲ. ಆ ನಿಷ್ಠೆಗೆ ರಕ್ತಸಂಬಂಧದ ಆಸರೆ ಬೇಕಾಗಲಿಲ್ಲ.

ಚೀನದ 'ಮೂರು ರಾಜ್ಯಗಳ ಕಥೆ'ಯಲ್ಲಿ ಇದಕ್ಕೆ ಎದುರಾದ ಚಿತ್ರವಿದೆ. ಲ್ಯೂ ಬೇ, ಗ್ವಾನ್ ಯೂ, ಜಾಂಗ್ ಫೇ ಎಂಬ ಮೂವರು ಒಂದೇ ರಕ್ತದವರಲ್ಲ. ಪೀಚ್ ಮರಗಳ ತೋಟವೊಂದರಲ್ಲಿ ದೇವರಿಗೆ ಬಲಿಯರ್ಪಿಸಿ, ಆಣೆಯಿಟ್ಟು, ಅಣ್ಣತಮ್ಮಂದಿರಾಗುತ್ತಾರೆ. ಕನ್‌ಫ್ಯೂಷಿಯಸನ ಪರಂಪರೆ ಎಣಿಸುವ ಐದು ಸಂಬಂಧಗಳಲ್ಲಿ ಅರಸು-ಪ್ರಜೆ, ತಂದೆ-ಮಗ, ಗಂಡ-ಹೆಂಡತಿ, ಅಣ್ಣ-ತಮ್ಮ ಎಂಬ ನಾಲ್ಕೂ ಹಿರಿದು ಕಿರಿದಿನವು. ಸಮಾನರ ನಂಟೆಂದರೆ ಗೆಳೆತನವೊಂದೇ. ಆ ಸಮಾನತೆಯನ್ನು ಈ ಮೂವರು ತಾವಾಗಿಯೇ ಬಿಟ್ಟುಕೊಟ್ಟು ಹಿರಿಯ, ನಡುವಣವ, ಕಿರಿಯನೆಂದು ಸಾಲುಗೊಂಡರು. ಗೆಳೆತನಕ್ಕೆ ಬೆಲೆ ಬರಬೇಕಾದರೆ ಅದು ಮನೆಯೊಳಗೆ ಬರಬೇಕಾಯಿತು. ಬಂದದ್ದು ಹುಸಿಯಾಗಲಿಲ್ಲವೆನ್ನಿ: ಗ್ವಾನ್ ಯೂ ಹತನಾದ ಮೇಲೆ, ಚಕ್ರವರ್ತಿಯಾಗಿದ್ದ ಲ್ಯೂ ಬೇ ಹಿತವರ ಮಾತನ್ನು ಮೀರಿ ದಂಡೆತ್ತಿ ಹೋಗಿ, 222ರಲ್ಲಿ ಯೀಲಿಂಗ್‌ನಲ್ಲಿ ಸೋತು ಹಣ್ಣಾದನು. ಕರ್ಣನು ಗೆಳೆಯನಿಗಾಗಿ ತೆತ್ತದ್ದನ್ನು ಇವನು ತಮ್ಮನಿಗಾಗಿ ತೆತ್ತನು.

ಕೊರಿಯದಲ್ಲಿ ಈ ಕಟ್ಟು ಇಂದಿಗೂ ನಾಲಗೆಯ ಮೇಲಿದೆ. ಗೆಳೆಯನೆಂಬರ್ಥದ 'ಚಿಂಗು' ಸಾಮಾನ್ಯವಾಗಿ ಸಮವಯಸ್ಕರಿಗೆ ಮೀಸಲು. ಆತ್ಮೀಯನು ತನಗಿಂತ ಹಿರಿಯನಾದರೆ ಗಂಡಸು ಅವನನ್ನು 'ಹ್ಯೊಂಗ್', ಅಂದರೆ ಅಣ್ಣ, ಎನ್ನಬೇಕು. ನಮ್ಮಲ್ಲಿಯೂ ಬಸ್ಸಿನ ಕಂಡಕ್ಟರು ಅಣ್ಣನೇ, ತರಕಾರಿಯವಳು ಅಕ್ಕನೇ. ಆದರೆ ಆ ಮಾತಿನಿಂದ ನಾವು ಯಾರ ಕೆಳಗೂ ನಿಲ್ಲುವುದಿಲ್ಲ, ಕರೆದು ಮರೆಯುತ್ತೇವೆ. ಆದ್ದರಿಂದ ನಾವು ಕರ್ಣನ ಕಡೆಯವರೆಂದು ನಾನು ತರಗತಿಯಲ್ಲಿ ತುಸು ಹೆಮ್ಮೆಯಿಂದಲೇ ಹೇಳುತ್ತಿದ್ದೆ.

ಕಳೆದ ವರ್ಷ ಮೂವತ್ತು ವರ್ಷಗಳ ನನ್ನ ಗೆಳೆಯನಿಗೆ ತುರ್ತಾಗಿ ಶಸ್ತ್ರಚಿಕಿತ್ಸೆಯಾಗಬೇಕಾಯಿತು. ಮದುವೆಯಾದವನಲ್ಲ, ತಂದೆತಾಯಿಗಳು ತೀರಿಕೊಂಡಿದ್ದಾರೆ, ಒಡಹುಟ್ಟಿದ ಅಣ್ಣ ದೂರದ ಊರಿನಲ್ಲಿ, ಮಾತು ಬಿಟ್ಟು ಹತ್ತು ವರ್ಷ. ಆಸ್ಪತ್ರೆಯ ಮೇಜಿನಾಚೆ ಕುಳಿತಿದ್ದ ಹುಡುಗಿ ಒಪ್ಪಿಗೆಪತ್ರವನ್ನು ಮುಂದಿಟ್ಟುಕೊಂಡು, "ರೋಗಿ ನಿಮಗೆ ಏನಾಗಬೇಕು?" ಎಂದು ಕೇಳಿದಳು.

"ಗೆಳೆಯ" ಎಂದೆ.

ಅವಳು ಬರೆಯಲಿಲ್ಲ. "ಸಂಬಂಧಿಕರು ಯಾರೂ ಬಂದಿಲ್ಲವೆ ಸಾರ್?" ಎಂದಳು.

ಗೋಡೆಯ ಗಡಿಯಾರವನ್ನು ನೋಡಿದೆ. "ಅಣ್ಣ" ಎಂದೆ. ಅವಳು ಬರೆದುಕೊಂಡು, ನಾನು ರುಜು ಹಾಕಬೇಕಾದ ಜಾಗವನ್ನು ತೋರಿಸಿದಳು.