ರಸ್ತೆ ಬೇಡವೆಂದವರ ಕೈಯಲ್ಲಿ ರೈಲಿರಲಿಲ್ಲ

2019ರ ಏಪ್ರಿಲ್‌ನಲ್ಲಿ ವೇಲ್ಸ್ ಸರ್ಕಾರ ಹವಾಮಾನ ತುರ್ತುಸ್ಥಿತಿಯನ್ನು ಘೋಷಿಸಿತು. ಜೂನ್‌ನಲ್ಲಿ ಪ್ರಥಮ ಸಚಿವ ಮಾರ್ಕ್ ಡ್ರೇಕ್‌ಫರ್ಡ್, ಎಂ4 ಹೆದ್ದಾರಿಯ ದಟ್ಟಣೆ ತಗ್ಗಿಸಲು ನ್ಯೂಪೋರ್ಟ್ ಬಳಿ ಯೋಜಿಸಿದ್ದ 14 ಮೈಲಿಯ ಹೊಸ ಮಾರ್ಗವನ್ನು ಕೈಬಿಟ್ಟರು. ಸಾರ್ವಜನಿಕ ವಿಚಾರಣೆ ನಡೆಸಿದ್ದ ಅಧಿಕಾರಿಯ ಶಿಫಾರಸು ಯೋಜನೆಯ ಪರವಾಗಿತ್ತು; ಆದರೂ ವೆಚ್ಚ ಹಾಗೂ ಗ್ವೆಂಟ್ ಲೆವೆಲ್ಸ್ ಎಂಬ ಜೌಗುನೆಲಕ್ಕೆ ಆಗಲಿದ್ದ ಹಾನಿ ಅವರನ್ನು ತಡೆದವು. ಹೊಸ ರಸ್ತೆ ಹೊಸ ವಾಹನಗಳನ್ನೂ ಹುಟ್ಟಿಸುತ್ತದೆ. ನಿರ್ಧಾರ ಸರಿಯಾಗಿತ್ತೆಂದೇ ನನ್ನ ನಿಲುವು.

ಆದರೆ ಬ್ರಿನ್‌ಗ್ಲಾಸ್ ಸುರಂಗದ ಮುಂದೆ ಸಾಲುಗಟ್ಟಿ ನಿಲ್ಲುವ ದಾದಿಯರು, ಉಗ್ರಾಣದ ಕಾರ್ಮಿಕರು ಕೆಲಸಕ್ಕೆ ಹೋಗುವುದು ಹೇಗೆ? 2020ರಲ್ಲಿ ಲಾರ್ಡ್ ಬರ್ನ್ಸ್ ಆಯೋಗ ಉತ್ತರ ಕೊಟ್ಟಿತು: ಈಗಿರುವ ರೈಲುಮಾರ್ಗದಲ್ಲೇ ಆರು ಹೊಸ ನಿಲ್ದಾಣಗಳು. ತೊಡಕೆಂದರೆ, ರಸ್ತೆ ಕಾರ್ಡಿಫ್‌ನ ಅಧಿಕಾರ, ಆ ಹಳಿಗಳು ಲಂಡನ್ನಿನವು. ಹಣದ ಭರವಸೆ ಸಿಕ್ಕಿದ್ದು 2025ರ ಜೂನ್‌ನಲ್ಲಿ. (ರೈಲಿಗಾಗಿ ದೆಹಲಿಯತ್ತ ನೋಡುವ ಕನ್ನಡಿಗರಿಗೆ ಇದೇನೂ ಹೊಸತಲ್ಲ.) ಅಷ್ಟು ವರ್ಷ ಕಾದವರಿಗೆ ಪರಿಸರದ ಮಾತು ಶಿಕ್ಷೆಯಂತೆ ಕೇಳಿಸಿದರೆ ತಪ್ಪು ಅವರದಲ್ಲ. ರಸ್ತೆ ರದ್ದಾದ ದಿನವೇ ನಾವು ಲಂಡನ್ನಿನ ಬಾಗಿಲು ತಟ್ಟಬೇಕಿತ್ತು. ಪರಿಸರಪರರಾದ ನಾವು ಜೌಗುನೆಲ ಉಳಿದ ಸಂತೋಷದಲ್ಲೇ ಇದ್ದುಬಿಟ್ಟೆವು.